ಹಳೇ ಕ್ಯಾಂಪರ್‌ಗೆ ಕಂಪನಿ ಏಸಿ: ಗುಜರಿಯಿಂದ ಗ್ಯಾಸ್‌ವರೆಗೆ

ಏಸಿ ಇಲ್ಲದ ಬೊಲೆರೊ ಕ್ಯಾಂಪರ್‌ಗೆ (ಎರಡು ಸಾಲು ಸೀಟಿನ ಮಹೀಂದ್ರ ಪಿಕಪ್ಪು) ಏಸಿ ಹಾಕಲು ಎರಡು ದಾರಿ ಇವೆ. ಒಂದು, ಅಂಗಡಿಯವರು ‘ಯೂನಿವರ್ಸಲ್ ಕಿಟ್’ ಅಂತ ಕೊಡುವ ಕಪ್ಪು ಡಬ್ಬಿಯನ್ನು ಡ್ಯಾಶ್‌ಬೋರ್ಡ್ ಕೆಳಗೆ ನೇತುಹಾಕುವುದು. ಇನ್ನೊಂದು, ಅದೇ ಮಾಡೆಲ್‌ನ ಏಸಿ ಗಾಡಿಗೆ ಕಂಪನಿಯವರು ಏನೇನು ಹಾಕಿದ್ದರೋ ಅದನ್ನೆಲ್ಲ ತಂದು, ಅವರು ಕೂರಿಸಿದ ಜಾಗದಲ್ಲೇ ಕೂರಿಸುವುದು. ಮೊದಲನೆಯದು ಬೇಗ ಮುಗಿಯುತ್ತದೆ. ಆಮೇಲೆ ಡಬ್ಬಿ ಮೊಣಕಾಲಿಗೆ ಬಡಿಯುತ್ತದೆ, ಬೆಲ್ಟ್ ಕಿರುಚುತ್ತದೆ, ಪೈಪು ಸೋರುತ್ತದೆ. ನಾನು ಹೇಳಹೊರಟಿರುವುದು ಎರಡನೆಯದನ್ನು.

ನನ್ನದು ಸಿಂಧನೂರು. ಬೋರ್‌ವೆಲ್ ಮೋಟಾರ್ ರಿಪೇರಿ ಕೆಲಸ. ಡಿಐ ಟರ್ಬೊ ಎಂಜಿನ್ನಿನ ಹಳೇ ಕ್ಯಾಂಪರ್, ಹಿಂದೆ ಸಬ್‌ಮರ್ಸಿಬಲ್ ಪಂಪು, ಕೇಬಲ್ ಸುರುಳಿ, ಚೈನ್ ಪುಲ್ಲಿ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಜನರ ಬೋರ್ ಕೈಕೊಡುವುದೂ ಅದೇ ಹೊತ್ತಿಗೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ ಅಂತ ಕೇಂದ್ರ ಸರ್ಕಾರ ಮಾಡಿದೆ, ಒಳ್ಳೆಯದೇ. ಆದರೆ ಅದು ಎನ್2, ಎನ್3 ಗಾಡಿಗಳಿಗೆ, ಅಂದರೆ ಒಟ್ಟು ತೂಕ 3.5 ಟನ್ ಮೀರಿದವಕ್ಕೆ. ನಮ್ಮ ಪಿಕಪ್ಪು ಆ ಲೆಕ್ಕಕ್ಕೆ ಬರುವುದಿಲ್ಲ. ಹಳೇ ಪಿಕಪ್ಪಂತೂ ಬಿಡಿ.

ಇಡೀ ಸೆಟ್ಟು, ಒಂದೇ ಗಾಡಿಯಿಂದ

ಈ ಕೆಲಸದಲ್ಲಿ ಮುಕ್ಕಾಲು ಪಾಲು ಗೆಲ್ಲುವುದು ಸಾಮಾನು ತರುವ ದಿನವೇ. ಗುಜರಿಯವರು ‘ಏಸಿ ಸೆಟ್ ಇದೆ’ ಅಂದರೆ ಅವರ ಲೆಕ್ಕದಲ್ಲಿ ಗ್ಯಾಸನ್ನು ಒತ್ತುವ ಕಂಪ್ರೆಸರ್, ಅದರ ಬಿಸಿ ಕಳೆಯುವ ಕಂಡೆನ್ಸರ್, ಕ್ಯಾಬಿನ್ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್ ಇಷ್ಟೇ. ನಿಜ ಹೇಳಬೇಕಂದರೆ ಆ ಮೂರನ್ನೂ ಹೊಸದಾಗಿಯೇ ಕೊಳ್ಳಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ನಮ್ಮ ಕಡೆಯವರಿಗೆ ಹತ್ತಿರವಾಗುವ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಸುಬ್ರೋಸ್, ಸ್ಯಾಂಡೆನ್ ಕಂಪನಿಗಳ ಮಾಲು ಸಿಗುತ್ತದೆ. ಸಿಗದೇ ಇರುವುದು ಸಣ್ಣ ಸಾಮಾನು. ಕಂಪ್ರೆಸರ್ ಕೂರುವ ಎರಕದ ಬ್ರಾಕೆಟ್ ಮತ್ತು ಅದರ ಉದ್ದ ಬೋಲ್ಟುಗಳು. ಒಂದು ಗ್ರೂವ್ ಜಾಸ್ತಿ ಇರುವ ಕ್ರ್ಯಾಂಕ್ ಪುಲ್ಲಿ. ಬೆಲ್ಟ್ ಬಿಗಿ ಮಾಡುವ ಐಡ್ಲರ್. ಕಂಡೆನ್ಸರಿನ ನಾಲ್ಕು ಕಾಲು, ಅದರ ಫ್ಯಾನು, ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್‌ನಲ್ಲಿ ಪೈಪು ದಾಟುವ ಜಾಗದ ರಬ್ಬರ್. ಸ್ವಿಚ್ಚಿನ ಪ್ಯಾನೆಲ್ಲು, ಕನೆಕ್ಟರ್ ಸಮೇತ ವೈರಿಂಗು. ನೀರು ಹೋಗುವ ಡ್ರೈನ್ ಪೈಪು.

ಬ್ರಾಕೆಟ್ ಇಲ್ಲದ ಸೆಟ್ಟು ಎಷ್ಟೇ ಅಗ್ಗಕ್ಕೆ ಬಂದರೂ ಬಿಟ್ಟುಬಿಡಿ. ‘ವೆಲ್ಡಿಂಗ್ ಮಾಡಿ ಕೊಡ್ತೀನಿ’ ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಡೀಸೆಲ್ ಎಂಜಿನ್ನಿನ ನಡುಕಕ್ಕೆ ಪ್ಲೇಟ್ ಬ್ರಾಕೆಟ್ಟು ಬಿರುಕು ಬಿಡುತ್ತದೆ. ಬಿರುಕು ಬಿಡುವ ಮೊದಲೇ ಪುಲ್ಲಿ ಅಡ್ಡಾಗಿ ಬೆಲ್ಟ್ ತಿನ್ನುತ್ತದೆ.

ಎಂಜಿನ್ ಯಾವುದು ಅನ್ನುವುದನ್ನೂ ನೋಡಿ. ಹಳೇ ಡಿಐ ಟರ್ಬೊ ಮತ್ತು ಆಮೇಲೆ ಬಂದ ಕಾಮನ್ ರೈಲ್ ಎಂ2ಡಿಐಸಿಆರ್, ಎರಡೂ 2,523 ಸಿಸಿ. ಹಾಗಂತ ಎರಡರ ಏಸಿ ಸಾಮಾನೂ ಒಂದೇ ಅಂದುಕೊಳ್ಳಬೇಡಿ. ಕಾಮನ್ ರೈಲ್ ಗಾಡಿಯಲ್ಲಿ ಏಸಿ ಆನ್ ಮಾಡುವ ಮಾತು ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು ಮೂಲಕ ಹೋಗುತ್ತದೆ. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಸ್ವಿಚ್ಚು, ರಿಲೇ, ಅಷ್ಟೇ ಸಂಸಾರ. ನಿಮ್ಮದೇ ಎಂಜಿನ್, ನಿಮ್ಮದೇ ಡ್ಯಾಶ್‌ಬೋರ್ಡ್ ಇರುವ ಗಾಡಿ ಹುಡುಕಿ. ಆಕ್ಸಿಡೆಂಟಿನಲ್ಲಿ ಹಿಂಭಾಗ ಅಪ್ಪಚ್ಚಿಯಾದ ಬೊಲೆರೊ ಜೀಪಾದರೂ ಪರವಾಗಿಲ್ಲ, ಮುಂಭಾಗ ತಾಳೆಯಾದರೆ ಸಾಕು. ಸಾಮಾನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ: ಪೈಪು ಯಾವುದರ ಮೇಲೆ ಹಾದಿದೆ, ಕ್ಲಿಪ್ ಎಲ್ಲಿದೆ, ವೈರು ಎಲ್ಲಿ ತಿರುಗಿದೆ. ಬಾನೆಟ್ ಕೆಳಗೆ ಗ್ಯಾಸಿನ ತೂಕ ಬರೆದ ಸ್ಟಿಕರ್ ಇದ್ದರೆ ಅದರ ಫೋಟೊ ಮೊದಲು. ಬಿಲ್ಲು ಕೇಳಿ ತಗೊಳ್ಳಿ. ಕದ್ದ ಗಾಡಿಯ ಸಾಮಾನು ನಮ್ಮ ಬಾನೆಟ್ ಕೆಳಗೆ ಬೇಡ.

ಇನ್ನೊಂದು ಮಾತು. ಗುಜರಿ ಗಾಡಿಯಲ್ಲಿ ಗ್ಯಾಸ್ ಇನ್ನೂ ಇದ್ದರೆ ಪೈಪು ಸಡಿಲ ಮಾಡಿ ಬುಸ್ ಅನ್ನಿಸಬೇಡಿ. ಏಸಿಯಲ್ಲಿರುವ ಆರ್-134ಎ ಗ್ಯಾಸು ಮೈನಸ್ 26 ಡಿಗ್ರಿಗೇ ಕುದಿಯುವ ವಸ್ತು. ಕಣ್ಣಿಗೆ ತಾಗಿದರೆ ಕಣ್ಣು ಹೋಗಬಹುದು. ಗಾಳಿಗೆ ಬಿಟ್ಟರೆ ಅದರ ಒಂದು ಕೆಜಿ, ಕಾರ್ಬನ್ ಡೈಆಕ್ಸೈಡಿನ ಸಾವಿರಕ್ಕೂ ಜಾಸ್ತಿ ಕೆಜಿಯಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ರಿಕವರಿ ಮಿಷನ್ ಇರುವವರನ್ನು ಕರೆಸಿ ತೆಗೆಸಿ.

ಹಳೆಯದರಲ್ಲಿ ಏನು ಇಟ್ಟುಕೊಳ್ಳಬೇಕು

ಹಳೇ ಕಂಪ್ರೆಸರ್ ಕೈಗೆ ಬಂದ ತಕ್ಷಣ ಅದರ ಬಾಯಿ ಕೆಳಗೆ ಮಾಡಿ ಎಣ್ಣೆಯನ್ನು ಬಿಳಿ ಬಟ್ಟಲಿಗೆ ಸುರಿಯಿರಿ. ಬಿಸಿಲಿಗೆ ಹಿಡಿದು ನೋಡಿ. ತಿಳಿ ಹಳದಿ ಇದ್ದರೆ ಒಳ್ಳೆಯದು. ಬೆಳ್ಳಿಯ ಪುಡಿಯ ಹಾಗೆ ಮಿನುಗಿದರೆ ಒಳಗೆ ಅಲ್ಯೂಮಿನಿಯಂ ಸವೆದಿದೆ. ಕಪ್ಪಗೆ ಇದ್ದರೆ ಸುಟ್ಟಿದೆ. ಈ ಎರಡರಲ್ಲಿ ಯಾವುದಾದರೂ ಆದರೆ ಆ ಕಂಪ್ರೆಸರ್ ಬೇಡ, ಅದರ ಜೊತೆಗಿದ್ದ ಕಂಡೆನ್ಸರೂ ಬೇಡ, ಯಾಕಂದರೆ ಆ ಪುಡಿ ಅಲ್ಲೇ ಹೋಗಿ ಕೂತಿರುತ್ತದೆ. ಈಗಿನ ಕಂಡೆನ್ಸರಿನ ಸಣ್ಣ ಸಣ್ಣ ರಂಧ್ರಗಳನ್ನು ತೊಳೆದು ಸರಿ ಮಾಡಲು ಆಗುವುದಿಲ್ಲ.

ಎಣ್ಣೆ ಚೆನ್ನಾಗಿದ್ದರೆ ಮುಂದಿನ ಹಬ್ಬನ್ನು ಕೈಯಲ್ಲಿ ತಿರುಗಿಸಿ. ಒಂದೇ ಸಮ ತಿರುಗಬೇಕು, ಎಲ್ಲೂ ಹಿಡಿಯಬಾರದು. ಏಸಿ ಆನ್ ಆದಾಗ ಪುಲ್ಲಿಯನ್ನು ಕಂಪ್ರೆಸರಿಗೆ ಕಚ್ಚಿಸುವುದು ಕ್ಲಚ್ಚು, ಮೀಟರ್ ಹಚ್ಚಿ ಅದರ ಕಾಯಿಲ್ ನೋಡಿ: 12 ವೋಲ್ಟ್ ಕ್ಲಚ್ಚು ಸುಮಾರು 3ರಿಂದ 4 ಓಮ್ ತೋರಿಸುತ್ತದೆ. ಕ್ಲಚ್ ಪ್ಲೇಟಿಗೂ ಪುಲ್ಲಿಗೂ ನಡುವೆ ಫೀಲರ್ ಗೇಜ್ ತೂರಿಸಿದರೆ ಅರ್ಧ ಮಿಲಿಮೀಟರ್ ಆಸುಪಾಸು ಗ್ಯಾಪ್ ಇರಬೇಕು. ಸವೆದು ಒಂದು ಮಿಲಿಮೀಟರ್ ಸಮೀಪ ಹೋಗಿದ್ದರೆ ಕ್ಲಚ್ಚು ತಂಪಿದ್ದಾಗ ಕಚ್ಚುತ್ತದೆ, ಬಿಸಿಯಾದ ಮೇಲೆ ಕಚ್ಚುವುದಿಲ್ಲ. ‘ಸಂಜೆ ಏಸಿ ಬರುತ್ತೆ, ಮಧ್ಯಾಹ್ನ ಬರಲ್ಲ’ ಅಂತ ಹೇಳುತ್ತಾರಲ್ಲ, ಹಲವು ಸಲ ಇದೇ ಕತೆ. ಒಳಗಿನ ತೆಳು ಶಿಮ್ ವಾಷರ್ ಒಂದು ತೆಗೆದರೆ ಗ್ಯಾಪ್ ಸರಿಹೋಗುತ್ತದೆ.

ಬ್ರಾಕೆಟ್, ಪುಲ್ಲಿ, ಕೂಲಿಂಗ್ ಯುನಿಟ್ಟಿನ ಪ್ಲಾಸ್ಟಿಕ್ ಡಬ್ಬಿ, ಬ್ಲೋವರ್, ವೈರಿಂಗು ಹಳೆಯದೇ ಇರಲಿ. ಹೊಸದು ಹಾಕಲೇಬೇಕಾದವು: ಡ್ರೈಯರ್, ಕೂಲಿಂಗ್ ಕಾಯಿಲಿಗೆ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್, ಪೈಪಿನ ಜೋಡಣೆಯ ಎಲ್ಲ ಓ ರಿಂಗು, ಬೆಲ್ಟು. ಕಂಡೆನ್ಸರಿಗೆ ದುಡ್ಡು ಇದ್ದರೆ ಅದೂ ಹೊಸದೇ. ರಬ್ಬರ್ ಹೋಸುಗಳ ಎರಡೂ ತುದಿಯ ಅಲ್ಯೂಮಿನಿಯಂ ಫಿಟ್ಟಿಂಗ್ ಇಟ್ಟುಕೊಂಡು ನಡುವಿನ ರಬ್ಬರ್ ಮಾತ್ರ ಹೊಸದಾಗಿ ಕ್ರಿಂಪ್ ಮಾಡಿಸಬಹುದು. ಡ್ರೈಯರ್ ವಿಷಯದಲ್ಲಿ ಜಿಪುಣತನ ಬೇಡ. ಅದರೊಳಗೆ ತೇವ ಹೀರುವ ಕಾಳುಗಳಿವೆ. ಬಾಯಿ ತೆರೆದು ಗುಜರಿಯಲ್ಲಿ ಬಿದ್ದಿದ್ದ ಡ್ರೈಯರ್ ಹೀರುವಷ್ಟು ಆಗಲೇ ಹೀರಿ ಮುಗಿಸಿರುತ್ತದೆ. ಹೊಸದರ ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು ಕೂರಿಸಿ.

ಕೂರಿಸುವುದು

ಒಳಗಿನಿಂದ ಶುರುಮಾಡಿ. ಕ್ಯಾಂಪರ್‌ನಲ್ಲಿ ಕೂಲಿಂಗ್ ಯುನಿಟ್ ಕೂರುವುದು ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ. ಗ್ಲೋವ್ ಬಾಕ್ಸ್ ಬಿಚ್ಚಿ ಟಾರ್ಚ್ ಹಿಡಿದು ಫೈರ್‌ವಾಲ್ ನೋಡಿ. ಬೋಲ್ಟಿನ ತೂತು, ಪೈಪಿನ ಜಾಗ ಮುಚ್ಚಿದ ರಬ್ಬರು ಕಂಡರೆ ನಿಮ್ಮ ಕೆಲಸ ಅರ್ಧ ಆದಂತೆ. ಯುನಿಟ್ಟನ್ನು ಹೊರಗೇ ಬಿಚ್ಚಿ, ಕೂಲಿಂಗ್ ಕಾಯಿಲನ್ನು ನೀರಿನಲ್ಲಿ ತೊಳೆದು ಒಣಗಿಸಿ, ಹೊಸ ಎಕ್ಸ್‌ಪ್ಯಾನ್ಷನ್ ವಾಲ್ವ್ ಹಾಕಿಯೇ ಮೇಲೆತ್ತಿ. ಒಂದು ಸಲ ಡ್ಯಾಶ್‌ಬೋರ್ಡ್ ಮುಚ್ಚಿದ ಮೇಲೆ ಮತ್ತೆ ಬಿಚ್ಚುವ ಮನಸ್ಸು ಯಾರಿಗಿರುತ್ತದೆ. ಕಾಯಿಲಿನ ರೆಕ್ಕೆಗಳ ನಡುವೆ ತೂರಿಸುವ ಥರ್ಮೋಸ್ಟಾಟ್ ಕಡ್ಡಿ ಹಳೇ ಜಾಗದಲ್ಲೇ ಇರಲಿ. ಅದು ಸರಿದರೆ ಕಾಯಿಲು ಮಂಜುಗಟ್ಟಿ ಗಾಳಿಯೇ ನಿಲ್ಲುತ್ತದೆ. ಡ್ರೈನ್ ಪೈಪು ಇಳಿಜಾರಾಗಿ ನೆಲದ ಹೊರಗೆ ಹೋಗಬೇಕು. ಒಂದು ಲೋಟ ನೀರು ಯುನಿಟ್ಟಿನೊಳಗೆ ಸುರಿದು ಗಾಡಿ ಕೆಳಗೆ ಬೀಳುತ್ತದಾ ಅಂತ ಈಗಲೇ ನೋಡಿಕೊಳ್ಳಿ. ಇಲ್ಲಾಂದ್ರೆ ಪಕ್ಕದಲ್ಲಿ ಕೂತವರ ಕಾಲಿಗೆ ಬೀಳುತ್ತದೆ.

ಮುಂದೆ ಕಂಡೆನ್ಸರ್. ಗ್ರಿಲ್ ತೆಗೆದು ರೇಡಿಯೇಟರಿನ ಮುಂದೆ ಕೂರಿಸುವ ಮೊದಲು ರೇಡಿಯೇಟರನ್ನು ಹಿಂದಿನಿಂದ ಮುಂದಕ್ಕೆ ನೀರು ಹೊಡೆದು ತೊಳೆಯಿರಿ. ನಮ್ಮ ಕಡೆಯ ಗಾಡಿಗಳಲ್ಲಿ ಭತ್ತದ ಹೊಟ್ಟು, ಎರೆಮಣ್ಣಿನ ಧೂಳು ಸೇರಿ ಅರ್ಧ ರೇಡಿಯೇಟರು ಮುಚ್ಚಿಯೇ ಇರುತ್ತದೆ. ಏಸಿ ಗಾಡಿಯ ರೇಡಿಯೇಟರ್ ದಪ್ಪ ಇದೆಯಾ ಅಂತ ಸ್ಕೇಲ್ ಇಟ್ಟು ಅಳೆಯಿರಿ. ದಪ್ಪ ಇದ್ದರೆ ಅದನ್ನೂ ತನ್ನಿ. 63 ಅಶ್ವಶಕ್ತಿಯ ಎಂಜಿನ್ನು. ಲೋಡ್ ಹಾಕಿ, ಏಸಿ ಹಾಕಿ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಏರುವುದು ನೋಡಲು ಯಾರಿಗೂ ಇಷ್ಟವಿಲ್ಲ ಅಲ್ವಾ? ಫ್ಯಾನು ಗಾಳಿಯನ್ನು ಎಂಜಿನ್ ಕಡೆಗೇ ತಳ್ಳಬೇಕು. ವೈರು ಉಲ್ಟಾ ಆದರೆ ಫ್ಯಾನು ಉಲ್ಟಾ ತಿರುಗುತ್ತದೆ. ಒಂದು ಕಾಗದದ ಚೂರು ಹಿಡಿದರೆ ಗೊತ್ತಾಗುತ್ತದೆ.

ಕಂಪ್ರೆಸರ್ ಬ್ರಾಕೆಟ್ಟಿನ ಬೋಲ್ಟು ಬಿಗಿ ಮಾಡುವ ಮುಂಚೆ ಕ್ರ್ಯಾಂಕ್ ಪುಲ್ಲಿಯ ಮುಖದಿಂದ ಕಂಪ್ರೆಸರ್ ಪುಲ್ಲಿಯವರೆಗೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರ ಎರಡು ಗ್ರೂವಿಗೂ ನೇರವಾಗಿ ಕೂರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೂ ವಾಷರ್ ಹಾಕಿ ಸರಿ ಮಾಡಿ.

ಎಣ್ಣೆ ಲೆಕ್ಕ ಹೀಗೆ. ಕಂಪ್ರೆಸರಿನಿಂದ ಸುರಿದದ್ದು ಎಷ್ಟು ಅಂತ ಅಳೆದಿಟ್ಟರೆ ಅಂದಾಜು ಸಿಗುತ್ತದೆ. ಅಷ್ಟೇ ಹೊಸ ಎಣ್ಣೆ ಕಂಪ್ರೆಸರಿಗೆ. ತೊಳೆದ ಕೂಲಿಂಗ್ ಕಾಯಿಲಿಗೆ ಮತ್ತು ಹೊಸ ಕಂಡೆನ್ಸರಿಗೆ ತಲಾ 40 ಮಿಲಿಲೀಟರ್ ಒಳಗೆ, ಡ್ರೈಯರಿಗೆ ಸುಮಾರು 10. ಹೊಸ ಕಂಪ್ರೆಸರಾದರೆ ಅದರಲ್ಲಿ ಇಡೀ ಸಿಸ್ಟಮ್ಮಿಗೆ ಆಗುವಷ್ಟು ಎಣ್ಣೆ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಸ್ಟಿಕರ್ ಓದದೆ ಮತ್ತೆ ಸುರಿಯಬೇಡಿ, ಎಣ್ಣೆ ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ. ಪಿಸ್ಟನ್ ಕಂಪ್ರೆಸರಿಗೂ ವೇನ್ ಇರುವ ರೋಟರಿಗೂ ಎಣ್ಣೆ ಬೇರೆ. ಕಂಪ್ರೆಸರ್ ಮೈಮೇಲೆ ಬರೆದಿರುವುದನ್ನೇ ಹಾಕಿ. ಈ ಕಂಪ್ರೆಸರಿಗೆ ಹಾಕುವ ಪ್ಯಾಗ್ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಡಬ್ಬಿಯ ಮುಚ್ಚಳ ತೆರೆದಿಟ್ಟು ಚಹಾಕ್ಕೆ ಹೋಗಬೇಡಿ.

ಓ ರಿಂಗು ಆರ್-134ಎಗೆ ಆಗುವಂಥದ್ದೇ ಇರಲಿ, ಸಾಮಾನ್ಯವಾಗಿ ಹಸಿರು ಬಣ್ಣದ್ದು. ಬೆರಳಿನಲ್ಲಿ ಅದೇ ಎಣ್ಣೆ ಸವರಿ, ಪೈಪಿನ ತುದಿಯ ಗುಂಡಿಯಲ್ಲಿ ತಿರುಚದೆ ಕೂರಿಸಿ, ನಟ್ಟನ್ನು ಮೊದಲು ಕೈಯಲ್ಲೇ ಕೊನೆತನಕ ತಿರುಗಿಸಿ. ಆಮೇಲೆ ಎರಡು ಸ್ಪ್ಯಾನರ್. ಒಂದು ಹಿಡಿಯಲು, ಒಂದು ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ಬಿಗಿ ಮಾಡಿದರೆ ಅಲ್ಯೂಮಿನಿಯಂ ಪೈಪು ಬುಡದಲ್ಲಿ ತಿರುಚುತ್ತದೆ. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಗ್ಯಾಸಿಗೆ ಕಾಣುತ್ತದೆ.

ವೈರಿಂಗ್ ಕಷ್ಟವೇನಲ್ಲ. ಬ್ಲೋವರ್ ತಿರುಗುತ್ತಿದ್ದರೆ ಮಾತ್ರ ಏಸಿ ಸ್ವಿಚ್ಚಿಗೆ ಕರೆಂಟು ಬರಬೇಕು. ಅಲ್ಲಿಂದ ಥರ್ಮೋಸ್ಟಾಟ್, ಅಲ್ಲಿಂದ ಪ್ರೆಷರ್ ಸ್ವಿಚ್, ಅಲ್ಲಿಂದ ರಿಲೇಯ ಕಾಯಿಲು. ರಿಲೇ ಕ್ಲಚ್ಚಿಗೆ ಕೊಡುತ್ತದೆ. ಕಂಡೆನ್ಸರ್ ಫ್ಯಾನಿಗೆ ಬೇರೆ ರಿಲೇ, ಬೇರೆ ಫ್ಯೂಸು. ಪ್ರೆಷರ್ ಸ್ವಿಚ್ಚನ್ನು ಶಾರ್ಟ್ ಮಾಡಿ ಓಡಿಸುವವರಿದ್ದಾರೆ. ಅದು ಗ್ಯಾಸ್ ಖಾಲಿಯಾದಾಗ ಸುಮಾರು 2 ಕೆಜಿ ಒತ್ತಡಕ್ಕೆ, ಒತ್ತಡ ವಿಪರೀತ ಆದಾಗ ಸುಮಾರು 32 ಕೆಜಿಗೆ ಕ್ಲಚ್ಚನ್ನು ಬಿಡಿಸುವ ಕಾವಲುಗಾರ. ಮೋಟಾರಿನ ಓವರ್‌ಲೋಡ್ ರಿಲೇಗೆ ಬೆಂಕಿಕಡ್ಡಿ ಸಿಕ್ಕಿಸುವ ರೈತರಿಗೆ ನಾನು ಏನು ಹೇಳುತ್ತೇನೋ, ಇವರಿಗೂ ಅದನ್ನೇ ಹೇಳುತ್ತೇನೆ. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಕ್ಲಚ್ಚು, ಫ್ಯಾನು, ಬ್ಲೋವರ್ ಮೂರೂ ಸೇರಿದರೆ ಆಲ್ಟರ್ನೇಟರ್ ಮೇಲೆ ಹೊರೆ ಬೀಳುತ್ತದೆ. ಏಸಿ ಗಾಡಿಯ ಆಲ್ಟರ್ನೇಟರಿನ ಪ್ಲೇಟಿನಲ್ಲಿ ಆಂಪಿಯರ್ ಜಾಸ್ತಿ ಇದ್ದರೆ ಅದನ್ನೇ ಹಾಕಿ. ಮೆಕ್ಯಾನಿಕಲ್ ಪಂಪಿನ ಎಂಜಿನ್ನಿಗೆ ಏಸಿ ಹಾಕಿದಾಗ ನಿಂತಲ್ಲಿನ ಎಂಜಿನ್ ವೇಗ ಸ್ವಲ್ಪ ಏರಿಸುವ ಐಡಲ್-ಅಪ್ ಕೂಡ ಬೇಕು. ಇಲ್ಲದಿದ್ದರೆ ಸಿಗ್ನಲ್ಲಿನಲ್ಲಿ ಕ್ಲಚ್ ಕಚ್ಚಿದಾಗೆಲ್ಲ ಇಡೀ ಕ್ಯಾಬಿನ್ ನಡುಗುತ್ತದೆ.

ನೈಟ್ರೋಜನ್, ವ್ಯಾಕ್ಯೂಮ್, ಗ್ಯಾಸ್

ಇಲ್ಲಿಯವರೆಗಿನದು ನೀವೇ ಮಾಡಬಹುದು. ಇಲ್ಲಿಂದ ಮುಂದಕ್ಕೆ ಗೇಜ್, ವ್ಯಾಕ್ಯೂಮ್ ಪಂಪು, ತೂಕದ ಯಂತ್ರ ಇರುವ ಏಸಿ ಮೆಕ್ಯಾನಿಕ್ ಬೇಕು. ಆದರೆ ಪಕ್ಕದಲ್ಲಿ ನಿಂತು ನೋಡಿ. ಆತುರ ಪಡುವವರು ಬಿಡುವುದೇ ಈ ಮೂರು ಹಂತಗಳನ್ನು.

ಮೊದಲು ನೈಟ್ರೋಜನ್. 150ರಿಂದ 200 ಪಿಎಸ್‌ಐ ತುಂಬಿ, ಎಲ್ಲ ಜೋಡಣೆಗೂ ಸೋಪಿನ ನೀರು ಸವರಿ, ಗೇಜಿನ ಮುಳ್ಳು ಕನಿಷ್ಠ ಅರ್ಧ ಗಂಟೆ ಕದಲದಿರುವುದನ್ನು ನೋಡಬೇಕು. ಪಂಕ್ಚರ್ ಅಂಗಡಿಯ ಗಾಳಿ ಹಾಕುತ್ತೇನೆ ಅಂದರೆ ಬೇಡ ಅನ್ನಿ, ಅದರಲ್ಲಿ ನೀರಿನ ಅಂಶ ಇದೆ. ವೆಲ್ಡಿಂಗಿನ ಆಕ್ಸಿಜನ್ ಅಂತೂ ಖಂಡಿತ ಬೇಡ, ಎಣ್ಣೆಗೆ ಸೇರಿದರೆ ಸಿಡಿಯುತ್ತದೆ.

ಆಮೇಲೆ ವ್ಯಾಕ್ಯೂಮ್. ಇದು ಗಾಳಿ ತೆಗೆಯುವುದಕ್ಕಷ್ಟೇ ಅಲ್ಲ, ಒಳಗಿನ ತೇವವನ್ನು ಕುದಿಸಿ ತೆಗೆಯುವುದಕ್ಕೆ. ಒತ್ತಡ ಸಾಕಷ್ಟು ಇಳಿದರೆ 35 ಡಿಗ್ರಿಯಲ್ಲೇ ನೀರು ಕುದಿಯುತ್ತದೆ. ಹಾಗಾಗಿ ಈ ಕೆಲಸಕ್ಕೆ ಬಿಸಿ ಮಧ್ಯಾಹ್ನವೇ ಒಳ್ಳೆಯದು, ಗಾಡಿ ಬಿಸಿಲಲ್ಲೇ ನಿಂತಿರಲಿ. ಮುಕ್ಕಾಲು ಗಂಟೆಗೆ ಕಡಿಮೆ ಇರಬಾರದು. ಗೇಜಿನಲ್ಲಿ ಮುಳ್ಳು 30 ಇಂಚಿಗೆ (ಪಾದರಸದ ಇಂಚು) ಬರಲೇಬೇಕು ಅಂತ ಹಟ ಹಿಡಿಯುವವರಿಗೆ ಒಂದು ಮಾತು: ಬೋರಿನವನಾದ ನನಗೆ ಸಕ್ಷನ್ನಿನ ಲೆಕ್ಕ ಗೊತ್ತು. 30 ಇಂಚು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಅದರ ಹತ್ತಿರ ಬರುತ್ತದೆ. ಸಿಂಧನೂರು, ರಾಯಚೂರಿನ ಎತ್ತರಕ್ಕೆ ಸುಮಾರು 28 ಮುಕ್ಕಾಲೊಳಗೆ ನಿಲ್ಲುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ 27ರ ಮೇಲೆ ಹೋಗುವುದೇ ಇಲ್ಲ, ಪಂಪು ಎಷ್ಟು ಒಳ್ಳೆಯದಿದ್ದರೂ. ಮುಖ್ಯವಾದದ್ದು ಮುಳ್ಳು ಎಲ್ಲಿ ನಿಂತಿತು ಅನ್ನುವುದಲ್ಲ. ಪಂಪು ಬಂದ್ ಮಾಡಿದ ಮೇಲೆ ಅದು ವಾಪಸ್ ಬರುತ್ತದಾ ಅನ್ನುವುದು. ಬೇಗ ಬಂದರೆ ಸೋರಿಕೆ. ಸ್ವಲ್ಪ ಬಂದು ನಿಂತರೆ ಒಳಗೆ ಇನ್ನೂ ತೇವ ಇದೆ, ಮತ್ತೆ ಪಂಪು ಹಚ್ಚಿ.

ಗ್ಯಾಸು ತೂಕದ ಲೆಕ್ಕದಲ್ಲೇ, ಗುಜರಿ ಗಾಡಿಯ ಸ್ಟಿಕರಿನಲ್ಲಿದ್ದಷ್ಟೇ. ‘ಗ್ಲಾಸಿನಲ್ಲಿ ಗುಳ್ಳೆ ನಿಂತರೆ ಫುಲ್’ ಅಂತ ಡ್ರೈಯರಿನ ಕಿಂಡಿ ಗಾಜು ನೋಡಿ ಹೇಳುವುದು ಹಳೇ ಆರ್-12 ಗ್ಯಾಸಿನ ಕಾಲದ ಲೆಕ್ಕ. ಆ ಗ್ಯಾಸಿನ ತಯಾರಿಕೆ ನಮ್ಮ ದೇಶದಲ್ಲಿ 2008ರಲ್ಲೇ ನಿಂತಿದೆ. ಮೊದಲ ಭಾಗ ಎಂಜಿನ್ ಬಂದ್ ಇದ್ದಾಗ ವ್ಯಾಕ್ಯೂಮಿಗೆ ತಾನೇ ಎಳೆದುಕೊಳ್ಳುತ್ತದೆ. ಉಳಿದದ್ದು ಎಂಜಿನ್ ಓಡುವಾಗ ಲೋ ಸೈಡಿನಿಂದ (ಕಂಪ್ರೆಸರಿಗೆ ಗ್ಯಾಸು ವಾಪಸ್ ಬರುವ ಕಡಿಮೆ ಒತ್ತಡದ ಪೈಪು), ಕ್ಯಾನ್ ನೆಟ್ಟಗೆ ಹಿಡಿದು. ಎಂಜಿನ್ ಓಡುತ್ತಿರುವಾಗ ಹೈ ಸೈಡಿನ, ಅಂದರೆ ಜಾಸ್ತಿ ಒತ್ತಡದ ಪೈಪಿನ, ವಾಲ್ವ್ ತೆರೆದರೆ ಕ್ಯಾನು ಕೈಯಲ್ಲೇ ಒಡೆಯಬಹುದು.

ಕ್ಯಾನು ಸೀಲ್ ಇರುವುದು, ಹೆಸರಿರುವ ಕಂಪನಿಯದು ಇರಲಿ. ಅಗ್ಗದ ಗ್ಯಾಸಿನಲ್ಲಿ ಎಲ್‌ಪಿಜಿಯಂಥ ಉರಿಯುವ ಅನಿಲ ಬೆರೆಸುತ್ತಾರೆ. ಅದಕ್ಕಿಂತ ಕೆಟ್ಟದ್ದು ಆರ್-40 (ಮೀಥೈಲ್ ಕ್ಲೋರೈಡ್ ಅನಿಲ). ಅದು ಅಲ್ಯೂಮಿನಿಯಮ್ಮಿನ ಜೊತೆ ಸೇರಿ, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಹಡಗಿನ ತಂಪು ಕಂಟೇನರುಗಳ ಏಸಿ ಇಂಥ ಕಲಬೆರಕೆ ಗ್ಯಾಸಿನಿಂದ ಸಿಡಿದು ಕೆಲಸಗಾರರು ಸತ್ತಿದ್ದಾರೆ. ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಹೆಸರಿಲ್ಲದ ಸಿಲಿಂಡರ್ ಕಂಡು ನಾನು ಸುಮ್ನೆ ಗಾಡಿ ತಿರುಗಿಸಿಕೊಂಡು ಬಂದೆ.

ತುಂಬಿಸಿದ ಮೇಲೆ ಬಾಗಿಲು ತೆರೆದು, ಬ್ಲೋವರ್ ಪೂರ್ತಿ ಇಟ್ಟು, ಎಂಜಿನ್ನನ್ನು 1,500 ಆರ್‌ಪಿಎಂಗೆ ಹಿಡಿದು ಗೇಜ್ ನೋಡಿ. ಹೊರಗೆ 35 ಡಿಗ್ರಿ ಇದ್ದಾಗ ಲೋ ಸೈಡು 30ರಿಂದ 40 ಪಿಎಸ್‌ಐ, ಹೈ ಸೈಡು 200ರಿಂದ 250 ಇದ್ದರೆ ನೆಮ್ಮದಿ. ಎರಡೂ ಜಾಸ್ತಿ ಇದ್ದರೆ ಮೊದಲು ಕಂಡೆನ್ಸರ್ ಮೇಲೆ ಒಂದು ಚೊಂಬು ನೀರು ಎರಚಿ. ಹೈ ಸೈಡು ತಕ್ಷಣ ಇಳಿದರೆ ಫ್ಯಾನಿನ ಗಾಳಿ ಸಾಲದು ಅಂತ ಅರ್ಥ. ಎರಡೂ ಕಡಿಮೆ ಇದ್ದರೆ ಗ್ಯಾಸು ಕಡಿಮೆ. ಲೋ ಜಾಸ್ತಿ, ಹೈ ಕಡಿಮೆ ಅಂದರೆ ಕಂಪ್ರೆಸರ್ ಸವೆದಿದೆ, ಅದಕ್ಕೆ ಗ್ಯಾಸು ತುಂಬಿ ಪ್ರಯೋಜನವಿಲ್ಲ.

ಇಷ್ಟಾದರೂ ಕ್ಯಾಬಿನ್ ತಂಪಾಗದಿದ್ದರೆ ಏಸಿಯನ್ನು ಬೈಯಬೇಡಿ. ಏಸಿ ಇಲ್ಲದ ಗಾಡಿಯಲ್ಲಿ ಫೈರ್‌ವಾಲ್ ತೂತುಗಳು, ಗೇರ್ ಲಿವರಿನ ರಬ್ಬರು, ಬಾಗಿಲ ಬೀಡಿಂಗು ಯಾವುದೂ ಬಿಗಿ ಇರುವುದಿಲ್ಲ. ಎಂಜಿನ್ನಿನ ಬಿಸಿ ಅಲ್ಲಿಂದಲೇ ಒಳಗೆ ಬರುತ್ತದೆ. ತೂತು ಮುಚ್ಚಿ, ನೆಲದ ಮ್ಯಾಟಿನ ಕೆಳಗೆ ದಪ್ಪ ಫೆಲ್ಟ್ ಹಾಸಿ. ಕ್ಯಾಂಪರ್‌ನ ಹಿಂದಿನ ಸೀಟಿಗೆ ಮಾತ್ರ ತಂಪು ತಡವಾಗಿಯೇ ತಲುಪುವುದು. ನನ್ನ ಹುಡುಗರು ಅದಕ್ಕೆ ಒಂದು ಸಣ್ಣ ಫ್ಯಾನು ಹಾಕಿಕೊಂಡಿದ್ದಾರೆ.

ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಏಸಿ ಹಾಕಿದ್ದನ್ನು ಬಿಲ್ಲು ಸಮೇತ ತಿಳಿಸಿ. ಎಲೆಕ್ಟ್ರಿಕಲ್ ಫಿಟ್ಟಿಂಗ್ ಅಂತ ಬೇರೆ ಸೇರಿಸಿ ಸ್ವಲ್ಪ ಪ್ರೀಮಿಯಂ ಹಾಕುತ್ತಾರೆ. ತಿಳಿಸದೆ ಇದ್ದರೆ ನಾಳೆ ಗಾಡಿ ಗುದ್ದಿದಾಗ ಕಂಡೆನ್ಸರಿನ ದುಡ್ಡು ಬರುವುದಿಲ್ಲ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ, ಕಂಪ್ರೆಸರಿನ ಶಾಫ್ಟ್ ಸೀಲಿಗೆ ಎಣ್ಣೆ ತಾಗುತ್ತಿರಲಿ.